ಕ್ಯಾಪ್ಟನ್ ಕೋಟಿನ ತೂತುಗಳು

ವಸ್ತುಸಂಗ್ರಹಾಲಯದಲ್ಲಿ ಎಲ್ಲರೂ ಅವರನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ದರ್ಜಿಯ ಮಗಳು. ಹತ್ತೊಂಬತ್ತು ವರ್ಷಗಳಿಂದ ಅಲ್ಲಿಯ ಹಳೆಯ ಬಟ್ಟೆಗಳ ಹರಕು ಮುರುಕನ್ನೆಲ್ಲ ಹೊಲಿದು ಸರಿಪಡಿಸುತ್ತಿದ್ದವರು ಅವರೇ. ಮಹಡಿಯ ಕೋಣೆಯಲ್ಲಿ ಮರದ ಗೊಂಬೆಗೆ ತೊಡಿಸಿದ್ದ, ಹಿಂದಿನ ಕಾಲದ ಹಡಗಿನ ಕ್ಯಾಪ್ಟನ್ ಒಬ್ಬನ ಕೆಂಪು ಉಣ್ಣೆಯ ಕೋಟೆಂದರೆ ಅವರಿಗೆ ಪ್ರಾಣ. ದಿನವೂ ತಮ್ಮ ಹಿತ್ತಲಿನ ಬಿಳಿ ಹೂಗಳನ್ನು ತಂದು ಕೋಟಿನ ಮುಂದಿನ ಹೂದಾನಿಯಲ್ಲಿಟ್ಟ ಮೇಲೆಯೇ ಸೂಜಿಗೆ ದಾರ ಪೋಣಿಸುತ್ತಿದ್ದರು.

"ನನಗೆ ಒಂದು ದಿನ ಹೂ ಕೊಟ್ಟವಳಲ್ಲ ನೀನು," ಎಂದು ಗಂಡ ರೇಗಿಸಿದರೆ, "ನೀವೂ ಆ ಕ್ಯಾಪ್ಟನ್ನರ ಹಾಗೆ ಬಾಯಿ ಮುಚ್ಕೊಂಡು ನಿಂತಿರಿ, ಕೊಡ್ತೀನಿ," ಎನ್ನುತ್ತಿದ್ದರು.

ಆದರೆ ಆ ಕೋಟಿಗೆ ತೂತು ಬೀಳುವುದು ನಿಲ್ಲುತ್ತಲೇ ಇರಲಿಲ್ಲ. ತೋಳು ಹೊಲಿದು ಮುಗಿಸುವಷ್ಟರಲ್ಲಿ ಕಾಲರು. ಕಾಲರು ಮುಗಿಯಿತೆಂದರೆ ಬೆನ್ನು. ಹೊಸದಾಗಿ ಬಂದ ಅಧಿಕಾರಿಣಿ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಸೂಜಿಯಕ್ಕ, ಈ ತೂತು ಮಾಡೋ ಹುಳ ಎಲ್ಲಿಂದ ಬರ್ತಿದೆ ಅಂತ ತಿಂಗಳೊಳಗೆ ಗೊತ್ತಾಗಬೇಕು. ಇಲ್ಲದಿದ್ರೆ ಕೋಟನ್ನ ರಾಜಧಾನಿಗೆ ಕಳಿಸ್ತೀನಿ. ಹೋದ್ರೆ ವಾಪಸ್ ಬರಲ್ಲ."

ಅಪರಾಧಿ ಯಾರೆಂಬುದರಲ್ಲಿ ಸೂಜಿಯಕ್ಕನಿಗೆ ಸಂಶಯವೇ ಇರಲಿಲ್ಲ. ಕೋಣೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ದಿನವಿಡೀ ರಸ್ಕು ಮೆಲ್ಲುವ ಕಾವಲುಗಾರ!

"ನಿನ್ನ ರಸ್ಕಿನ ಪುಡಿಗೇ ಕಣೋ ತಮ್ಮಾ ಹುಳ ಬರ್ತಿರೋದು."

"ಅಲ್ಲಕ್ಕಾ, ನನ್ನ ರಸ್ಕು ಬಿಟ್ಟು ಆ ಮುದಿ ಕೋಟು ತಿನ್ನೋಕೆ ಹುಳಕ್ಕೇನು ನಾಲಿಗೆ ಕೆಟ್ಟಿದ್ಯಾ?"

"ರಸ್ಕು ತಿಂದು ಬಾಯಿ ಒರೆಸ್ಕೊಳ್ಳೋಕೆ ಕೋಟಿಗೆ ಬರುತ್ತೆ!"

ಸೂಜಿಯಕ್ಕ ಸ್ಟೂಲಿನ ಸುತ್ತ ಹುಳ ಹಿಡಿಯುವ ನಾಲ್ಕು ಅಂಟು ಕಾಗದಗಳನ್ನು ಹಾಸಿದರು. ಐದನೆಯದೊಂದು ಮಿಕ್ಕಿತ್ತು, ಅದನ್ನು ಸುಮ್ಮನೆ ಹೂದಾನಿಯ ಪಕ್ಕದಲ್ಲಿಟ್ಟರು. ವಾರ ಬಿಟ್ಟು ನೋಡಿದರೆ, ಸ್ಟೂಲಿನ ಬಳಿ ಸಿಕ್ಕಿಬಿದ್ದದ್ದು ಆರು ಇರುವೆ, ಕಾವಲುಗಾರನ ಅಂಗಿಯ ಒಂದು ಗುಂಡಿ. ಹೂದಾನಿಯ ಪಕ್ಕದ ಕಾಗದದಲ್ಲಿ ಮಾತ್ರ ಎಳ್ಳುಕಾಳಿನಷ್ಟು ಗಾತ್ರದ, ಮೈಮೇಲೆ ಚುಕ್ಕಿಗಳಿದ್ದ ಹುಳುಗಳು ರಾಶಿ ಬಿದ್ದಿದ್ದವು.

ಆ ಕಾಗದವನ್ನು ಅಧಿಕಾರಿಣಿಯ ಕೋಣೆಗೆ ಒಯ್ದರು. ಅವರು ಭೂತಗನ್ನಡಿಯಲ್ಲಿ ನೋಡಿ, "ಇದೇ ಅದು. ಉಣ್ಣೆ ತಿನ್ನೋದು ಇದರ ಮರಿ. ಬೆಳೆದ ಮೇಲೆ ಇವಕ್ಕೆ ಹೂವಿನ ಪರಾಗವೇ ಊಟ. ಮೊಟ್ಟೆ ಇಡೋಕೆ ಮಾತ್ರ ಉಣ್ಣೆ ಹುಡುಕ್ತಾವೆ. ಆದ್ರೆ ಹೂವಿನ ಮೇಲಿರೋ ಹುಳ ಮಹಡಿಗೆ ಹೇಗೆ ಬಂತೋ!" ಎಂದರು.

ಸೂಜಿಯಕ್ಕ ಮನೆಗೆ ಹೋದವರೇ ಹಿತ್ತಲಿನ ಒಂದು ಗೊಂಚಲು ಕಿತ್ತು ಬಿಳಿ ಕರವಸ್ತ್ರದ ಮೇಲೆ ಕೊಡವಿದರು. ಒಂಬತ್ತು ಹುಳು! ಹತ್ತೊಂಬತ್ತು ವರ್ಷ ಈ ನೆಂಟರನ್ನು ಕೈಯಾರೆ ಹೊತ್ತು ತಂದು, ಊಟಕ್ಕೆ ಕೂರಿಸಿ, ಆಮೇಲೆ ತಟ್ಟೆ ತೊಳೆದವರೂ ತಾವೇ. ಬಾಯಿಬಿಟ್ಟರೆ ಮಾನ ಹೋಗುತ್ತದೆ. ಬಿಡದಿದ್ದರೆ ಕೋಟು ಹೋಗುತ್ತದೆ.

ಮರುದಿನ ಕಾವಲುಗಾರನ ಎದುರಿಗೇ ಅಧಿಕಾರಿಣಿಯ ಮುಂದೆ ಕರವಸ್ತ್ರದ ಗಂಟು ಬಿಚ್ಚಿದರು. "ಮೇಡಂ, ಕಳ್ಳಿ ನಾನೇ."

ಕಾವಲುಗಾರನಿಗೆ ನಕ್ಕು ನಕ್ಕು ರಸ್ಕು ನೆತ್ತಿಗೆ ಹತ್ತಿತು. ಅಧಿಕಾರಿಣಿ ಹೇಗೋ ನಗು ತಡೆದುಕೊಂಡು, "ಸರಿ, ಇನ್ನು ಕೋಟು ರಾಜಧಾನಿಗೆ ಹೋಗೋದು ಬೇಡ. ಐಸ್‌ಕ್ರೀಮ್ ಅಂಗಡಿಗೆ ಹೋದ್ರೆ ಸಾಕು," ಎಂದರು.

ಹುಳುವಿನ ಮರಿಯೂ ಮೊಟ್ಟೆಯೂ ಚಳಿಗೆ ಸಾಯಲೆಂದು, ಪ್ಲಾಸ್ಟಿಕ್ ಸುತ್ತಿದ ಕೋಟು ಬೀದಿ ತುದಿಯ ಐಸ್‌ಕ್ರೀಮ್ ಅಂಗಡಿಯ ಫ್ರೀಜರಿನಲ್ಲಿ ಎರಡು ವಾರ ಮಲಗಿತು. ಸೂಜಿಯಕ್ಕ ಪ್ರತಿ ಸಂಜೆ ಹೋಗಿ ವಿಚಾರಿಸುತ್ತಿದ್ದರು. "ಕ್ಯಾಪ್ಟನ್ನರು ಆರಾಮಾಗಿದ್ದಾರಮ್ಮ," ಎನ್ನುತ್ತಿದ್ದ ಅಂಗಡಿಯವನು. ಈ ನಡುವೆ ಅವರು ಕಾವಲುಗಾರನಿಗೆ ರಸ್ಕಿಡಲು ಮುಚ್ಚಳವಿರುವ ಡಬ್ಬಿಯೊಂದನ್ನು ಕೊಟ್ಟು, ಅವನ ಗುಂಡಿಯನ್ನೂ ಹೊಲಿದುಕೊಟ್ಟರು.

ಕೋಟು ಗೊಂಬೆಯ ಮೈಗೆ ಮರಳಿದ ದಿನ ಅಭ್ಯಾಸಬಲದಿಂದ ಸೂಜಿಯಕ್ಕ ಹೂ ಕೊಯ್ದುಬಿಟ್ಟಿದ್ದರು. ಮನೆಯ ಹೊಸ್ತಿಲ ತನಕ ಬಂದವರು ನೆನಪಾಗಿ ನಿಂತು, ಹಿಂದಿರುಗಿ, ಪತ್ರಿಕೆ ಓದುತ್ತಿದ್ದ ಗಂಡನ ಮುಂದೆ ಅವನ್ನು ಇಟ್ಟರು.

ಗಂಡ ಹೂವನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಆಮೇಲೆ ಮೈಮೇಲಿನ ಉಣ್ಣೆಯ ಸ್ವೆಟರನ್ನು ಬಿಚ್ಚಿ, ಒಳಗೆ ಒಯ್ದು ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಬಂದು, ಹೂವಿನ ಮುಂದೆ ಕ್ಯಾಪ್ಟನ್ನರ ಹಾಗೆ ಬಾಯಿ ಮುಚ್ಚಿಕೊಂಡು ಅಲುಗಾಡದೆ ನಿಂತರು.