ಸ್ಯಾಮುವಿಗೆ ಬಂದ ವಾಗ್ದಾನ

ನಮ್ಮ ಭದ್ರಾವತಿಯ ಮನೆಯಲ್ಲಿ ಆಗ ಗಡಿಯಾರಕ್ಕಿಂತ ಕಾರ್ಖಾನೆಯ ಸೈರನ್ನಿಗೆ ಬೆಲೆ ಹೆಚ್ಚು. ಅದು ಕೂಗಿದರೆ ಅಮ್ಮ ಕಾಫಿಗೆ ನೀರಿಡುತ್ತಿದ್ದಳು, ಅಪ್ಪ ಪಾಳಿ ಮುಗಿಸಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದರು. ಕ್ವಾರ್ಟರ್ಸಿನ ಸಾಲುಮನೆಗಳಲ್ಲಿ ಒಬ್ಬರ ಒಗ್ಗರಣೆಗೆ ಅಕ್ಕಪಕ್ಕದವರು ಸೀನುತ್ತಿದ್ದರು. ಎಡಕ್ಕೆ ತಮಿಳು ಮಾತಾಡುವವರ ಮನೆ, ಬಲಕ್ಕೆ ಲಕ್ಷ್ಮತ್ತೆಯ ಮನೆ, ನಡುವೆ ನಾವು. ಇಡೀ ಸಾಲಿಗೆ ಕ್ರಿಶ್ಚಿಯನ್ನರ ಮನೆ ನಮ್ಮದೊಂದೇ ಆದ್ದರಿಂದ ಡಿಸೆಂಬರ್ ಬಂತೆಂದರೆ ಎಲ್ಲರ ಮಕ್ಕಳೂ ನಮ್ಮ ಅಡಿಗೆಮನೆಯಲ್ಲಿ. ಫೋರ್ಕಿನ ಬೆನ್ನ ಮೇಲೆ ಹಿಟ್ಟಿನ ಸುರುಳಿ ಒತ್ತಿ ಕ್ರಿಸ್‌ಮಸ್ಸಿನ ಸಿಹಿತಿಂಡಿ ಕಲ್‌ಕಲ್ ಮಾಡುವಾಗ, ಕರಿಯುವುದಕ್ಕೂ ಮೊದಲೇ ಅರ್ಧ ಹಿಟ್ಟು ಹೊಟ್ಟೆ ಸೇರಿರುತ್ತಿತ್ತು.

ನನ್ನ ತಮ್ಮ ಸ್ಯಾಮುವೇಲನಿಗೆ ಆಗ ಆರು ವರ್ಷ. ನಮಗೆಲ್ಲ ಸ್ಯಾಮು. ನಾನು ಕಾನ್ವೆಂಟಿನಲ್ಲಿ ನಾಲ್ಕನೆಯ ಕ್ಲಾಸು. ಅವನಿಗೆ ಕಿಡ್ನಿಯ ಕಾಯಿಲೆ. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡು, ಮುಖ ಆಗಷ್ಟೇ ಉಬ್ಬಿದ ಪೂರಿಯ ಹಾಗಿರುತ್ತಿತ್ತು. ಶಿವಮೊಗ್ಗದ ಡಾಕ್ಟರು ಉಪ್ಪು ಪೂರ್ತಿ ಬಿಡಿಸಿದ್ದರು. ಅವನೊಬ್ಬನ ತಟ್ಟೆ ಬೇರೆಯಾಗಬಾರದೆಂದು ಅಮ್ಮ ಮನೆಮಂದಿಗೆಲ್ಲ ಉಪ್ಪಿಲ್ಲದ ಸಾರು ಮಾಡಿದಳು. ಅಪ್ಪ ಮಾತಾಡದೆ ಉಣ್ಣುತ್ತಿದ್ದರು. ನಾನು ಮಾತ್ರ ಲಕ್ಷ್ಮತ್ತೆಯ ಹಿತ್ತಲ ಬಾಗಿಲಲ್ಲಿ ಉಪ್ಪಿನಕಾಯಿಯ ಒಂದು ಮಾವಿನಮಿಡಿ ಚೀಪಿ ಬರುತ್ತಿದ್ದೆ. ಸ್ಯಾಮು ಹೊಸ್ತಿಲಲ್ಲೇ ಹಿಡಿಯುತ್ತಿದ್ದ.

"ಕೈ ತೋರ್ಸು."

"ಯಾಕೋ?"

"ತೋರ್ಸೇ ಅಂದೆ." ನನ್ನ ಬೆರಳುಗಳನ್ನು ಮೂಗಿಗೆ ಹಿಡಿದುಕೊಂಡು ಕಣ್ಣು ಮುಚ್ಚುತ್ತಿದ್ದ. "ಅಮ್ಮಂಗೆ ಹೇಳಲ್ಲ. ಇನ್ನೊಂದ್ಸಲ ಮೂಸ್ತೀನಿ, ಅಷ್ಟೇ."

ಹೊಸ ವರ್ಷದ ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯಲ್ಲಿ ವಾಗ್ದಾನದ ಚೀಟಿ ಎತ್ತುವ ಪದ್ಧತಿ. ಸತ್ಯವೇದದಲ್ಲಿ ದೇವರು ಕೊಟ್ಟ ಮಾತುಗಳನ್ನು ಒಂದೊಂದು ಬಣ್ಣದ ಚೀಟಿಯಲ್ಲಿ ಅಚ್ಚು ಹಾಕಿಸಿ, ಕಾಣಿಕೆ ತಟ್ಟೆಯಲ್ಲಿ ಬೋರಲು ಹರಡಿರುತ್ತಾರೆ. ಕಣ್ಣು ಮುಚ್ಚಿ ಪ್ರಾರ್ಥಿಸಿ ಒಂದನ್ನು ಎತ್ತಬೇಕು. ಬಂದ ವಾಕ್ಯ ಆ ವರ್ಷಕ್ಕೆ ದೇವರು ನಿಮಗೆಂದೇ ಆಡಿದ ಮಾತು. ಇಷ್ಟವಾಗಲಿಲ್ಲವೆಂದು ಇನ್ನೊಂದನ್ನು ಎತ್ತುವಂತಿಲ್ಲ. ನನಗೆ ಪ್ರತಿವರ್ಷ ತಾಳ್ಮೆಯ ಬಗ್ಗೆಯೇ ಬರುತ್ತಿತ್ತು. ಆ ವರ್ಷವೂ ಅದೇ.

ಸ್ಯಾಮು ಹಳದಿ ಚೀಟಿ ಎತ್ತಿದ. ಒಂದೊಂದೇ ಅಕ್ಷರ ಕೂಡಿಸಿ ಓದಲು ಹೋಗಿ 'ದೀರ್ಘಾಯುಷ್ಯ'ದಲ್ಲಿ ಸಿಕ್ಕಿಕೊಂಡ. ಅಮ್ಮ ಬಗ್ಗಿ ನೋಡಿದವಳು ಹಾಗೇ ಬೆಂಚಿನ ಮೇಲೆ ಕುಳಿತುಬಿಟ್ಟಳು. ಬಹಳ ದಿನಗಳ ಬಾಳು ಕೊಟ್ಟು ತೃಪ್ತಿಪಡಿಸುತ್ತೇನೆಂದು ದೇವರು ಮಾತು ಕೊಡುವ ಕೀರ್ತನೆಯ ಸಾಲು ಅದು. ನಮ್ಮ ಅಯ್ಯನವರು, ಸಭೆಯನ್ನು ನಡೆಸುತ್ತಿದ್ದ ಪಾದ್ರಿಗಳು, ಅವನ ತಲೆಯ ಮೇಲೆ ಕೈಯಿಟ್ಟು, "ಕೇಳಿದ್ಯಾ ಸ್ಯಾಮುವೇಲ, ನೀನು ನನ್ನಷ್ಟೇ ಮುದುಕ ಆಗ್ತೀಯ," ಎಂದರು. ಅವನು ಅವರ ಬೋಳುತಲೆಯನ್ನು ನೋಡಿ, "ಕೂದ್ಲು ಇಟ್ಕೊಂಡು ಆಗ್ಬೋದಾ?" ಎಂದ. ಚರ್ಚಿನಲ್ಲಿ ಎಲ್ಲರೂ ನಕ್ಕರು. ಅಮ್ಮ ನಗುತ್ತಾ ಅಳುತ್ತಿದ್ದಳು.

ಮನೆಗೆ ಬಂದವಳೇ ಅನ್ನದ ಅಗುಳು ಹಿಸುಕಿ ಅವನ ಮಂಚದ ಮೇಲಿನ ಗೋಡೆಗೆ ಚೀಟಿ ಅಂಟಿಸಿದಳು. ಮಾತ್ರೆ ಕೊಡುವುದನ್ನೇನೂ ಬಿಡಲಿಲ್ಲ. ಮಾತ್ರೆ ನುಂಗಿಸಿ, ನೀರು ಕುಡಿಸಿ, ಆ ವಾಕ್ಯವನ್ನು ಅವನ ಬಾಯಲ್ಲಿ ಹೇಳಿಸುತ್ತಿದ್ದಳು. ದೇವರಿಗೇ ಅವರ ಮಾತನ್ನು ಓದಿ ತೋರಿಸಬೇಕು, ಅವರು ಮರೆಯುವವರಲ್ಲ, ನಾವು ಮರೆಯಬಾರದು ಅಷ್ಟೇ ಎನ್ನುತ್ತಿದ್ದಳು.

ಸಾಲಿನ ಹುಡುಗರಿಗೆ ಸುದ್ದಿ ಗೊತ್ತಾಗಿ ಸ್ಯಾಮುವಿಗೆ 'ತಾತ' ಎಂದು ಹೆಸರಿಟ್ಟರು. ಅವನಿಗೆ ಅದರಿಂದ ಖುಷಿಯೋ ಖುಷಿ. ಲಗೋರಿಯಲ್ಲಿ ಓಡಲಾಗದವನನ್ನು ಬಿಲ್ಲೆ ಜೋಡಿಸಲು ಕೂರಿಸುತ್ತಿದ್ದರು. "ತಾತಾ, ಬೇಗ ಜೋಡ್ಸೋ, ಚೆಂಡು ಬಂತು!" ಎಂದು ಕೂಗಿದರೆ ಇವನು ಬೇಕೆಂದೇ ಸೊಂಟ ಹಿಡಿದುಕೊಂಡು ಕೆಮ್ಮುತ್ತಿದ್ದ. ಒಂದು ಮಧ್ಯಾಹ್ನ ನನ್ನ ಪಕ್ಕ ಮಲಗಿ ಬಹಳ ಗಂಭೀರವಾಗಿ ಹೇಳಿದ:

"ಅಕ್ಕ, ನೀನು ಮುದುಕಿ ಆದ್ಮೇಲೆ ನಾನೇ ನೋಡ್ಕೋತೀನಿ ನಿನ್ನ."

"ನಂಗೇನು ಗಂಡ ಇರಲ್ವಾ?"

"ಅವ್ರಿಗೆ ಚೀಟಿ ಬಂದಿದ್ಯೋ ಇಲ್ವೋ. ನಿಂಗೆ ಹಲ್ಲು ಇರಲ್ಲ, ನಾನು ಬಾಳೆಹಣ್ಣು ಹಿಸುಕಿ ಕೊಡ್ತೀನಿ."

ಲಕ್ಷ್ಮತ್ತೆಗೆ ಒಂದು ಚೀಟಿಯ ಮೇಲೆ ಇಷ್ಟು ಭಾರ ಹೊರಿಸುವುದು ಸರಿಕಾಣಲಿಲ್ಲ. "ಶಿವಮೊಗ್ಗ ಕೋಟೆ ದೇವಸ್ಥಾನದಲ್ಲಿ ಒಂದು ದಾರ ಕಟ್ಸ್ಕೊಂಡು ಬರೋಣ ಮಾರಾಯ್ತಿ. ನಿಮ್ಮ ಯೇಸುಸ್ವಾಮಿ ಒಳ್ಳೆಯವ್ರು, ಒಂದು ದಾರಕ್ಕೆಲ್ಲ ಬೇಜಾರು ಮಾಡ್ಕೊಳಲ್ಲ," ಎಂದರು.

"ಅವ್ರು ಮಾಡ್ಕೊಳಲ್ಲ ಲಕ್ಷ್ಮಕ್ಕ. ನನ್ನ ಮನಸ್ಸೇ ಎರಡಾಗುತ್ತೆ," ಎಂದಳು ಅಮ್ಮ. "ನೀವು ನಿಮ್ಮ ದೇವ್ರ ಹತ್ರ ಕೇಳ್ಕೊಳಿ, ಬೇಡ ಅನ್ನಲ್ಲ."

ಲಕ್ಷ್ಮತ್ತೆ ಹಾಗೇ ಮಾಡಿದರು. ಹೋಗಿ ಬಂದು, ದಾರ ತರದೆ, ಸ್ಯಾಮುವಿನ ಕೈಗೆ ಒಂದು ಹೋಳು ತೆಂಗಿನಕಾಯಿ ಇಟ್ಟು, "ಇದಕ್ಕೆ ಉಪ್ಪು ಹಾಕಿಲ್ಲ, ತಿನ್ನೋ ತಾತ," ಎಂದರು. ಅಮ್ಮ ಬೇಡ ಎನ್ನಲಿಲ್ಲ.

ಬೇಸಿಗೆಯಲ್ಲಿ ಊತ ಇಳಿಯಿತು. ಪೂರಿಯ ಒಳಗಿನಿಂದ ನನ್ನ ತಮ್ಮನ ನಿಜವಾದ ಮುಖ ಹೊರಗೆ ಬಂತು, ಚೂಪು ಗಲ್ಲದ ಮುಖ. ಡಾಕ್ಟರು ಚಿಟಿಕೆ ಉಪ್ಪು ಹಾಕಬಹುದೆಂದರು. ಆವತ್ತಿನ ಬೇಳೆಸಾರಿನ ಮೊದಲ ತುತ್ತಿಗೆ ಸ್ಯಾಮು ಕಣ್ಣು ಮುಚ್ಚಿಕೊಂಡ. ಎರಡನೆಯದಕ್ಕೆ, "ಅಮ್ಮಾ, ಸಾರಿಗೆ ಜೀವ ಬಂತು," ಎಂದ. ಅಪ್ಪ ಎದ್ದು ಹೊರಗೆ ಹೋಗಿ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕುಳಿತರು. ಎಷ್ಟೋ ಹೊತ್ತು ಬಿಡುತ್ತಲೇ ಇದ್ದರು.

ವಾಗ್ದಾನ ನಿಜವಾಗುತ್ತಿದೆಯೆಂದು ನಾವೆಲ್ಲ ನಂಬಿದ್ದು ಆಗಲೇ. ಅದಕ್ಕೇ ಜೂನಿನಲ್ಲಿ, ಸ್ಕೂಲು ಶುರುವಾದ ವಾರದಲ್ಲಿ, ಅವನಿಗೆ ಜ್ವರ ಬಂದಾಗ ನನಗೆ ಸ್ವಲ್ಪವೂ ಹೆದರಿಕೆಯಾಗಲಿಲ್ಲ. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಕಿಡ್ನಿಯ ಮಕ್ಕಳಿಗೆ ಸಣ್ಣ ಸೋಂಕೂ ದೊಡ್ಡದಾಗುತ್ತದೆಂದು ಡಾಕ್ಟರು ಅಪ್ಪನಿಗೆ ಹೇಳಿದ್ದರಂತೆ. ಭಾನುವಾರ ನಾನು ನೋಡಲು ಹೋದಾಗ ಹೊಟ್ಟೆ ಉಬ್ಬಿ, ಮುಖ ಮತ್ತೆ ಊದಿಕೊಂಡಿತ್ತು. ಫಿನಾಯಿಲ್ ವಾಸನೆ, ಒದ್ದೆ ಕೊಡೆಗಳ ವಾಸನೆ. ನಾನು ಸುಮ್ಮನೆ ಕೈ ಮುಂದೆ ಹಿಡಿದೆ. ಅವನು ಮೂಸಲಿಲ್ಲ. ಬೆರಳು ಹಿಡಿದುಕೊಂಡು, ಅಮ್ಮನ ಕಡೆ ತಿರುಗಿ ಕೇಳಿದ:

"ಅಮ್ಮಾ, ದೀರ್ಘ ಅಂದ್ರೆ ಎಷ್ಟು?"

ಅಮ್ಮ ಅವನ ಹಣೆ ಒರೆಸುತ್ತಿದ್ದಳು. ಒರೆಸುತ್ತಲೇ ಇದ್ದಳು. "ತುಂಬಾ ಮಗನೇ," ಎಂದಳು.

"ತುಂಬಾ ಅಂದ್ರೆ?"

"ನಿಂಗೆ ಸಾಕು ಅನ್ನಿಸೋವಷ್ಟು."

"ನಂಗಿನ್ನೂ ಸಾಕು ಅನ್ನಿಸಿಲ್ಲ," ಎಂದ ಸ್ಯಾಮು. ದೂರುವ ಹಾಗಲ್ಲ, ಇನ್ನೊಂದು ಚಪಾತಿ ಬೇಕು ಅನ್ನುವ ಹಾಗೆ ಹೇಳಿದ.

ಬುಧವಾರ ಬೆಳಿಗ್ಗೆ ನನ್ನನ್ನು ಕ್ಲಾಸಿನಿಂದ ಕರೆದರು. ಗೇಟಿನ ಹತ್ತಿರ ಲಕ್ಷ್ಮತ್ತೆ ಚಪ್ಪಲಿಯಿಲ್ಲದೆ ನಿಂತಿದ್ದರು. ಅವರು ಏನೂ ಹೇಳುವ ಮೊದಲೇ ನನಗೆ ಗೊತ್ತಾಯಿತು.

ಸಮಾಧಿಯ ಹತ್ತಿರ ಮಳೆ ಹನಿಯುತ್ತಿತ್ತು. ಪೆಟ್ಟಿಗೆ ತೀರ ಸಣ್ಣದು, ಅಪ್ಪ ಒಬ್ಬರೇ ಎತ್ತಿಕೊಂಡು ಬಂದರು. ಅಯ್ಯನವರು ಸತ್ಯವೇದ ತೆರೆದಾಗ ಅಮ್ಮ ಮುಂದೆ ಬಂದಳು.

"ಆ ಕೀರ್ತನೆನೇ ಓದಿ ಅಯ್ನೋರೇ. ಅವನ ಚೀಟೀದು."

ಅಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಅಯ್ಯನವರು ಮೆಲ್ಲಗೆ, "ಬೇಡ ಕಣಮ್ಮ. ಸಮಾಧಾನ ಕೊಡೋವಂಥದ್ದು ಬೇರೆ ಓದ್ತೀನಿ," ಎಂದರು.

"ಇವತ್ತು ಇದನ್ನ ಬಿಟ್ಟು ಬೇರೆ ಓದಿದ್ರೆ, ನಾಳೆಯಿಂದ ಅದ್ರಲ್ಲಿ ಒಂದು ಸಾಲನ್ನೂ ನಂಬಕ್ಕಾಗಲ್ಲ ನಂಗೆ. ಓದಿ."

ಅವರು ಓದಿದರು. ಕೊನೆಯ ಸಾಲಿಗೆ ಬಂದಾಗ ಓದು ನಿಂತಿತು. ಪುಟದ ಮೇಲೆ ಬಿದ್ದ ಹನಿಯನ್ನು ತೋಳಿನಿಂದ ಒರೆಸಿದರು, ಮತ್ತೆ ಬಾಯಿ ತೆರೆದರು, ಆಗಲಿಲ್ಲ. ಆ ಸಾಲನ್ನು ಅಮ್ಮನೇ ಹೇಳಿದಳು, ಮಾತ್ರೆ ನುಂಗಿಸಿದ ಮೇಲೆ ಹೇಳಿಸುತ್ತಿದ್ದ ಅದೇ ನಿಧಾನದಲ್ಲಿ. ಹೇಳಿ, ಯಾರಿಗೂ ಕಾಯದೆ, ಆಮೆನ್ ಎಂದಳು. ಲಕ್ಷ್ಮತ್ತೆ ಸೆರಗು ಬಾಯಿಗೆ ತುರುಕಿಕೊಂಡರು. ಅಪ್ಪ ಆಮೆನ್ ಅನ್ನಲಿಲ್ಲ. ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡರು, ಬಹಳ ಹೊತ್ತು ಅದನ್ನು ಬಿಡಲೇ ಇಲ್ಲ.

ಮನೆಯಲ್ಲಿ ಮಾರನೆಯ ದಿನದಿಂದಲೇ ಸಾರಿಗೆ ಎಲ್ಲರಷ್ಟು ಉಪ್ಪು ಬಿತ್ತು. ಯಾರಿಗೂ ಹೊಟ್ಟೆ ತುಂಬ ಉಣ್ಣಲಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನಾನು ಮದುವೆಯಾಗಿ ಶಿವಮೊಗ್ಗದ ನವುಲೆಗೆ ಬಂದು, ನನಗೂ ಮಗ ಹುಟ್ಟಿದ ಮೇಲೆ, ಅಮ್ಮನನ್ನು ಕೇಳಿದೆ. ಅವಳು ಮೆಂತ್ಯಸೊಪ್ಪು ಬಿಡಿಸುತ್ತಿದ್ದಳು.

"ಅವತ್ತು ಅಷ್ಟು ನಂಬಿಕೆ ಎಲ್ಲಿಂದ ಬಂತಮ್ಮ ನಿಂಗೆ?"

"ನಂಬಿಕೆ ಇತ್ತು ಅಂತ ಓದ್ಸಿದ್ದಲ್ಲ ಕಣೇ. ಕೈಜಾರಿ ಹೋಗ್ತಿತ್ತು, ಅದಕ್ಕೇ ಓದ್ಸಿದ್ದು." ಒಂದು ಹಣ್ಣೆಲೆ ತೆಗೆದು ಪಕ್ಕಕ್ಕಿಟ್ಟಳು. "ಅರ್ಥ ನಂಗೆ ಇವತ್ತಿಗೂ ಆಗಿಲ್ಲ. ಮಾತು ಕೊಟ್ಟೋರನ್ನ ಒಂದಿನ ನೋಡ್ತೀನಲ್ಲ, ಆಗ ಕೇಳ್ತೀನಿ."

ಅವಳು ಕೇಳಲು ಹೋಗಿ ಈಗ ಮೂರು ಮಳೆಗಾಲ. ಅಪ್ಪ ಅದಕ್ಕೂ ಮೊದಲೇ ಹೋದರು. ಕ್ವಾರ್ಟರ್ಸಿನ ಆ ಸಾಲಿನಲ್ಲಿ ಈಗ ಕಿಟಕಿಗಳಿಲ್ಲ, ಬಾಗಿಲುಗಳಿಲ್ಲ, ಒಳಗೆ ಲಂಟಾನ ಬೆಳೆದಿದೆ. ಸೈರನ್ ಕೂಗಿದರೂ ಏಳುವವರಿಲ್ಲ. ನಮ್ಮ ಮನೆಯಲ್ಲಿ ಸ್ಯಾಮುವನ್ನು ಕಂಡವರಲ್ಲಿ ಉಳಿದವಳು ನಾನೊಬ್ಬಳೇ. ಅವನ ಮಾತುಗಳೆಲ್ಲ ನೆನಪಿವೆ. ದನಿ ಮಾತ್ರ ಎಷ್ಟು ಪ್ರಯತ್ನಿಸಿದರೂ ಕಿವಿಗೆ ಬರುವುದಿಲ್ಲ.

ನಾನು ದೇವರನ್ನು ಬಿಟ್ಟಿಲ್ಲ. ದಿನಾ ಬೆಳಿಗ್ಗೆ ಸತ್ಯವೇದ ಓದುತ್ತೇನೆ, ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತೇನೆ. ಆದರೆ ಬಲಿಪೀಠದ ಕಡೆಯಿಂದ ದೇವರ ವಾಗ್ದಾನವೊಂದನ್ನು ಓದಿ ಮುಗಿಸಿದಾಗ ಇಡೀ ಸಭೆ ಒಂದೇ ಉಸಿರಿನಲ್ಲಿ ಆಮೆನ್ ಅನ್ನುತ್ತದೆ, ನನ್ನದು ಸ್ವಲ್ಪ ತಡವಾಗಿ ಬರುತ್ತದೆ. ಪಕ್ಕದವರಿಗೆ ಗೊತ್ತಾಗದಷ್ಟು ತಡ. ಅಮ್ಮನಿಗೆ ಆ ತಡ ಸ್ಯಾಮುವಿನ ಸಮಾಧಿಯ ಹತ್ತಿರವೂ ಆಗಿರಲಿಲ್ಲ. ಆ ಸಣ್ಣ ಸಂದಿನಲ್ಲಿ ಆರು ವರ್ಷದ ಹುಡುಗನೊಬ್ಬ ನಿಂತಿರುತ್ತಾನೆ. ಅವನನ್ನು ದಾಟಿ ನಾನು ಪ್ರತಿಸಲ ಆಮೆನ್‌ಗೆ ಹೋಗಬೇಕು.