ಎವರಿಸ್ತೊ ಎತ್ತಿಕೊಡದ ಸಾಲು

ನಮ್ಮ ಕಾಸ್ತೆಲ್‌ರಿವೊದ ಒಪೆರಾ ಥಿಯೇಟರಿಗೆ ಜೀವಮಾನವಿಡೀ ಹೋಗಿಬಂದವರೂ ಎವರಿಸ್ತೊನನ್ನು ಅಲ್ಲಿ ಒಮ್ಮೆಯೂ ಕಂಡಿರಲಾರರು. ರಂಗದ ಅಂಚಿನಲ್ಲಿ, ನಟ್ಟನಡುವೆ, ಮರದ ಮುಚ್ಚಳ ಹೊದಿಸಿದ ಒಂದು ಗೂಡಿದೆ. ಅದರೊಳಗೆ ಎವರಿಸ್ತೊ ಕುತ್ತಿಗೆಯವರೆಗೆ ಹುದುಗಿ ಕೂರುತ್ತಿದ್ದ. ಅವನ ಮುಖ ಹಾಡುವವರ ಕಡೆಗೆ, ನಮಗೆ ಕಾಣುವುದು ಮುಚ್ಚಳ ಮಾತ್ರ. ಅವನ ಕೆಲಸ ಸಾಲು ಎತ್ತಿಕೊಡುವುದು. ಹಾಡುವವರು ಬಾಯಿ ತೆರೆಯುವುದಕ್ಕೆ ಅರ್ಧ ಉಸಿರು ಮುಂಚೆ ಆ ಸಾಲಿನ ಮೊದಲ ಪದಗಳನ್ನು ಅವರ ಕಡೆಗೆ ಎಸೆಯಬೇಕು. ಅವರಿಗೆ ಕೇಳಬೇಕು, ಜನಕ್ಕೆ ಕೇಳಬಾರದು. ಬೇಗ ಎಸೆದರೆ ಅವರು ತಬ್ಬಿಬ್ಬಾಗುತ್ತಾರೆ, ತಡವಾದರೆ ಊರ ಮುಂದೆ ಮಾನ ಹೋಗುತ್ತದೆ. ಹಗಲಲ್ಲಿ ಮಕ್ಕಳಿಗೆ ಪಿಯಾನೊ ಹೇಳಿಕೊಡುತ್ತಿದ್ದ ಈ ತೆಳ್ಳನೆಯ ಮನುಷ್ಯ ಸಂಜೆಯಾದರೆ ದೊಡ್ಡ ದೊಡ್ಡವರ ನೆನಪನ್ನೆಲ್ಲ ತನ್ನ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಆ ಗೂಡಿಗೆ ಇಳಿಯುತ್ತಿದ್ದ.

ಥಿಯೇಟರಿಗೆ ನೂರೈವತ್ತು ತುಂಬುವ ವರ್ಷ ಬಂತು ನೋಡಿ, ಊರಿಗೆ ಊರೇ ನಿದ್ದೆಗೆಟ್ಟಿತು. ಆ ಸೀಸನ್ನಿನ ಕಾರ್ಯಕ್ರಮದಲ್ಲಿ ಯಾವ ಒಪೆರಾ ಇರಬೇಕು, ಯಾವುದು ಇರಬಾರದು, ಯಾರು ಹಾಡಬೇಕು? ಬೇರೆ ಊರುಗಳಲ್ಲಿ ಜನ ಕಾರ್ಯಕ್ರಮವನ್ನು ಓದುತ್ತಾರೆ. ನಮ್ಮಲ್ಲಿ ಅದನ್ನು ಬೈಯುತ್ತಾರೆ. ಬೈಯುವವರ ಮುಂದಾಳು ಗುಯೆರ್ರಿನೊ. ಹಂದಿಮಾಂಸದ ಅಂಗಡಿಯವನು, ಥಿಯೇಟರಿನ ಮೇಲಟ್ಟದ ಅಗ್ಗದ ಬೆಂಚುಗಳ ಅನಭಿಷಿಕ್ತ ದೊರೆ. ಹಾಡು ಹಿಡಿಸದೆ ಅವನು ಛೀಮಾರಿಯ ಸಿಳ್ಳೆ ಹಾಕಿದರೆ ಮೇಲಟ್ಟವೆಲ್ಲ ಸಿಳ್ಳೆ ಹಾಕುತ್ತದೆ. ಅಚ್ಚಾಗಿ ಬಂದ ಕಾರ್ಯಕ್ರಮವನ್ನು ಅವನು ತೂಗುಹಾಕಿದ ತೊಡೆಮಾಂಸಗಳ ನಡುವೆ ಮೊಳೆ ಹೊಡೆದು ಸಿಕ್ಕಿಸಿ, ಬಂದವರಿಗೆಲ್ಲ ತೋರಿಸಿ ಉಗಿಯುತ್ತಿದ್ದ.

ಆದರೆ ಮೊದಲನೇ ಹಾಳೆಯ ಮೇಲೆ ಮಾತ್ರ ಅವನ ನಾಲಿಗೆ ಏಳಲಿಲ್ಲ. ಥಿಯೇಟರು ಬಾಗಿಲು ತೆರೆದ ದಿನ ಆಡಿದ್ದ ಹಳೆಯ ಒಪೆರಾವನ್ನೇ ಈ ಸಲವೂ ಮೊದಲಿಗೆ ಇಟ್ಟಿದ್ದರು. ಮಗನನ್ನು ಕಳೆದುಕೊಂಡ ರಾಣಿಯ ಕತೆ ಅದು. ರಾಣಿಯಾಗಿ ಹಾಡುವವಳು ದೆಲ್ಫೀನಾ, ನಮ್ಮ ಹೊಳೆದಂಡೆಯ ಅಗಸಗಿತ್ತಿಯ ಮಗಳು. ಲೋಕವೆಲ್ಲ ಹಾಡಿ ಮೆರೆದು, ವಯಸ್ಸಾದ ಮೇಲೆ ಊರಿಗೆ ಬಂದು ಅದೇ ದಂಡೆಯಲ್ಲಿ ಮನೆ ಮಾಡಿ ಹುಡುಗಿಯರಿಗೆ ಪಾಠ ಹೇಳುತ್ತಿದ್ದವಳು. ಮೂರು ಸಂಜೆ, ಮೂರಕ್ಕೂ ಅವಳೇ.

"ಈ ವಯಸ್ಸಲ್ಲಿ ರಾಣಿ ಹಾಡ್ತಾಳಾ ಅಂತ ನಮ್ಮ ಅತ್ತೆ ಕೇಳ್ತಾಳೆ. ಅತ್ತೇ, ನಿನಗಿಂತ ಚಿಕ್ಕೋಳು ಕಣೇ, ನೀನು ದಿನಾ ನನ್ ಮೇಲೆ ಕಿರುಚೋಕೆ ಆಗಲ್ವಾ ಅಂದೆ!" ಎಂದು ಗುಯೆರ್ರಿನೊ ನಕ್ಕ. ಆಮೇಲೆ ಚಾಕು ಕೆಳಗಿಟ್ಟು ಎವರಿಸ್ತೊನಿಗೆ ಮೆಲ್ಲಗೆ ಹೇಳಿದ, "ಮೂರನೇ ಅಂಕದಲ್ಲಿ ಅವಳು ಸುಮ್ಮನೆ ನಿಲ್ತಾಳಲ್ಲ, ಅದೊಂದನ್ನ ಇನ್ನೊಂದ್ಸಲ ಕೇಳಿಬಿಟ್ರೆ ಸಾಕು ಮಾರಾಯ."

ಆ ಮೌನದ ಕತೆ ಎವರಿಸ್ತೊನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೂರನೇ ಅಂಕದಲ್ಲಿ ಮಗನ ಹೆಣ ತಂದು ಇಳಿಸುತ್ತಾರೆ, ವಾದ್ಯಗಳೆಲ್ಲ ನಿಲ್ಲುತ್ತವೆ, ರಾಣಿ ಒಬ್ಬಳೇ ಹಾಡು ಎತ್ತಬೇಕು. ದೆಲ್ಫೀನಾ ಹುಡುಗಿಯಾಗಿದ್ದಾಗ ಮೊದಲ ಸಲ ಈ ರಾಣಿಯಾದಾಗ ಅಲ್ಲಿ ತಟಕ್ಕನೆ ಎತ್ತಲಿಲ್ಲ. ನಿಂತಳು, ಹೆಣ ನೋಡುತ್ತಾ ನಿಂತೇ ಇದ್ದಳು. ಗೂಡಿಗೆ ಆಗಷ್ಟೇ ಹೊಸಬನಾಗಿದ್ದ ಎವರಿಸ್ತೊ, ಅಯ್ಯೋ ಮರೆತಳು ಎಂದುಕೊಂಡು ಸಾಲು ಎತ್ತಿಕೊಟ್ಟ. ಅವಳು ಬೆಚ್ಚಿದಳು, ಹಾಡಿದಳು. ಪರದೆ ಬಿದ್ದ ಕೂಡಲೇ ಕಿರೀಟ ಸಮೇತ ಗೂಡಿನ ಮೆಟ್ಟಿಲಿಗೇ ಬಂದಳು.

"ನಾನು ಮರ್ತಿದ್ನೇನೋ ಮುಠ್ಠಾಳ? ಅಷ್ಟೂ ಜನರನ್ನ ಮುಷ್ಟಿಲಿ ಹಿಡಿದಿದ್ದೆ. ನೀನು ಮಧ್ಯೆ ಬಾಯಿ ಹಾಕಿ ಎಲ್ಲಾ ಹಾಳು ಮಾಡ್ದೆ. ಇನ್ಮೇಲೆ ಆ ಜಾಗದಲ್ಲಿ ತುಟಿ ಬಿಚ್ಚಿದ್ರೆ ನಿನ್ನ ಗೂಡಿಗೆ ಬಿಸಿನೀರು ಹುಯ್ತೀನಿ!"

ಅಂದಿನಿಂದ ಅವಳು ಊರಿಗೆ ಬಂದು ಆ ರಾಣಿಯನ್ನು ಹಾಡಿದಾಗಲೆಲ್ಲ ಎವರಿಸ್ತೊ ಅಲ್ಲಿಗೆ ಬಂದಾಗ ತುಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಿದ್ದ. ಮೌನ ಬೆಳೆಯಿತು, ಹೆಸರಾಯಿತು, ಅದನ್ನು ಕೇಳಲಿಕ್ಕೆಂದೇ ಪಾರ್ಮಾದಿಂದ ರೈಲು ಹಿಡಿದು ಬರುವವರಾದರು. ಉಳಿದ ಸಾಲುಗಳಿಗೆಲ್ಲ ಅವಳಿಗೆ ಅವನೇ ಬೇಕು. ಬೇರೆ ಊರುಗಳಲ್ಲೂ ಇಂಥವರು ಇದ್ದಾರಲ್ಲ ಎಂದರೆ, "ಅವರು ಓದ್ತಾರೆ. ಎವರಿಸ್ತೊ ನನ್ ಜೊತೆ ಉಸಿರಾಡ್ತಾನೆ" ಎನ್ನುತ್ತಿದ್ದಳು. ಈ ಮಾತು ಎವರಿಸ್ತೊನ ಹೆಂಡತಿ ನೆರೀನಾಳ ಕಿವಿಗೂ ಬಿದ್ದಿತ್ತು. "ಮನೇಲೂ ಸ್ವಲ್ಪ ಉಸಿರಾಡಪ್ಪಾ" ಎಂದು ಅವಳು ಚುಚ್ಚುತ್ತಿದ್ದಳು, ಅಷ್ಟೇ. ಸಿಟ್ಟೇನಿರಲಿಲ್ಲ.

ತಾಲೀಮು ಶುರುವಾದ ದಿನ ದೆಲ್ಫೀನಾ ಗೂಡಿನ ಮುಂದೆ ಮಂಡಿಯೂರಿ ಕೂತು, ಅವನ ಎರಡೂ ಕೈ ಹಿಡಿದುಕೊಂಡಳು.

"ನೋಡೋ, ನಂಗೆ ಮೊದಲಿನ ಹಾಗೆ ಇಲ್ಲ. ಹೆಸರು ಮರೀತೀನಿ, ಒಲೆ ಮೇಲೆ ಪಾತ್ರೆ ಇಟ್ಟಿದ್ದು ಮರೀತೀನಿ. ಈ ಸಲ ಎಲ್ಲಾ ನೀನೇ. ಎಲ್ಲೂ ಕೈ ಬಿಡಬೇಡ."

"ಎಲ್ಲೂ ಬಿಡಲ್ಲ" ಎಂದ ಎವರಿಸ್ತೊ.

ಆ ಜಾಗದಲ್ಲೂ ಕೊಡಲೇ ಎಂದು ಕೇಳುವ ಮಾತು ಅವನ ಗಂಟಲವರೆಗೆ ಬಂದಿತ್ತು. ಕೇಳಲಿಲ್ಲ. ಥೂ, ಒಂದು ಮಾತು ಕೇಳಲಿಕ್ಕೆ ಏನು ಧಾಡಿಯಾಗಿತ್ತು ಈ ಮನುಷ್ಯನಿಗೆ! ಆದರೆ ಅವನ ಸಂಕಟವೂ ಸುಳ್ಳಲ್ಲ. ಕೇಳಿದರೆ, ನಿನಗೆ ವಯಸ್ಸಾಯಿತು, ಆ ಮೌನವೂ ನಿನ್ನ ಕೈ ತಪ್ಪಿತೇನೋ ಎಂದಂತಾಗುತ್ತಿತ್ತು. ತಾಲೀಮಿನಲ್ಲಿ ನೋಡಿಕೊಂಡರಾಯಿತು ಎಂದುಕೊಂಡ. ತಾಲೀಮಿನಲ್ಲಿ ಅವಳು ಗಂಟಲು ಉಳಿಸಿಕೊಳ್ಳಲು ಅರ್ಧ ದನಿಯಲ್ಲಿ ಹಾಡಿ, ಆ ಜಾಗದಲ್ಲಿ ನಿಲ್ಲದೆ ದಾಟಿಹೋದಳು.

ಮೊದಲ ಸಂಜೆ ಮಂಜು ಕವಿದಿತ್ತು. ಆದರೂ ಥಿಯೇಟರಿನಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ಎವರಿಸ್ತೊ ಒಂದೊಂದು ಸಾಲನ್ನೂ ಎತ್ತಿಕೊಟ್ಟ, ಅವಳು ಒಂದೊಂದನ್ನೂ ಹಿಡಿದಳು. ಎರಡು ಕಡೆ ಅವಳ ಕಣ್ಣು ಖಾಲಿಯಾದದ್ದು ಕಂಡು ಇಡೀ ಸಾಲನ್ನೇ ಕೊಟ್ಟ. ಯಾರಿಗೂ ಗೊತ್ತಾಗಲಿಲ್ಲ. ಎರಡನೇ ಅಂಕ ಮುಗಿದಾಗ ಮೇಲಟ್ಟದಿಂದ ಗುಯೆರ್ರಿನೊ, "ನಮ್ಮವ್ವಾ, ನೂರು ವರ್ಷ ಬಾಳು!" ಎಂದು ಕೂಗಿದ್ದು ಗೂಡಿನೊಳಗೂ ಕೇಳಿಸಿತು. ಎವರಿಸ್ತೊನಿಗೆ ಕಣ್ಣು ತುಂಬಿತು.

ಮೂರನೇ ಅಂಕ. ಹೆಣ ಇಳಿಸಿದರು. ವಾದ್ಯಗಳು ನಿಂತವು. ದೆಲ್ಫೀನಾ ನಿಂತಳು.

ಎವರಿಸ್ತೊ ತುಟಿ ಕಚ್ಚಿದ. ಜನ ಉಸಿರು ಬಿಗಿಹಿಡಿದರು. ಆಹಾ, ಅದೇ ಮೌನ, ಎಷ್ಟು ವರ್ಷದ ಮೇಲೆ! ಇನ್ನೂ ಉದ್ದ ಹಿಡಿ, ಇನ್ನೂ ಸ್ವಲ್ಪ ಹಿಡಿ ತಾಯಿ ಎಂದು ಅವನು ಮನಸ್ಸಿನಲ್ಲೇ ಹುರಿದುಂಬಿಸುತ್ತಿದ್ದ. ಆಗ ಅವಳ ದೃಷ್ಟಿ ಹೆಣದಿಂದ ಎದ್ದು ಗೂಡಿನ ಕಡೆ ಬಂತು. ಇದು ಯಾವತ್ತೂ ಆಗಿರಲಿಲ್ಲ. ನೀರಿಗೆ ಬಿದ್ದವರು ದಡ ನೋಡುವ ನೋಟ ಅದು. ಎವರಿಸ್ತೊ ಬಾಯಿ ತೆರೆದ. ದನಿ ಹೊರಡಲಿಲ್ಲ. ಅಷ್ಟರಲ್ಲಿ ಮೇಲೆ ಯಾರೋ ಕೆಮ್ಮಿದರು, ಯಾರೋ ಪಿಸುಗುಟ್ಟಿದರು. ವಾದ್ಯಗಳ ನಾಯಕ ಕೋಲು ಎತ್ತಿ ವಾದ್ಯಗಳನ್ನು ಮುಂದಕ್ಕೆ ಎಳೆದುಕೊಂಡು ಹೋದ. ಅವಳು ಎರಡು ಸಾಲು ಬಿಟ್ಟು, ಮೂರನೆಯದನ್ನು ಹೇಗೋ ಹಿಡಿದುಕೊಂಡಳು.

ಕೊನೆಯಲ್ಲಿ ಯಾರೂ ಸಿಳ್ಳೆ ಹಾಕಲಿಲ್ಲ. ಎದ್ದು ನಿಂತು ಮರ್ಯಾದೆಯಾಗಿ ಚಪ್ಪಾಳೆ ತಟ್ಟಿದರು. ನಮ್ಮೂರಿನಲ್ಲಿ ಮರ್ಯಾದೆಯ ಚಪ್ಪಾಳೆಯೆಂದರೆ ಏನೆಂದು ಹಾಡುವವರಿಗೆ ಗೊತ್ತು. ಸಿಳ್ಳೆಯನ್ನಾದರೂ ಸಹಿಸಬಹುದು.

ಅವಳ ಬಣ್ಣದ ಕೋಣೆಗೆ ಎವರಿಸ್ತೊ ಓಡಿದಾಗ ವಾದ್ಯಗಳ ನಾಯಕ ಆಗಲೇ ಬಾಗಿಲಲ್ಲಿ ನಿಂತು ಕಿರುಚುತ್ತಿದ್ದ. "ಗೂಡಲ್ಲಿ ಕೂತೋನು ನಿದ್ದೆ ಹೋಗಿದ್ನಾ? ನಾಳೆಯಿಂದ ಬೇರೆಯವನು ಕೂರಲಿ!" ದೆಲ್ಫೀನಾ ಕನ್ನಡಿಯ ಮುಂದೆ ಕೂತಿದ್ದಳು. ತಿರುಗಲಿಲ್ಲ. ಕನ್ನಡಿಯಲ್ಲೇ ಅವನನ್ನು ನೋಡಿ ಮೆಲ್ಲಗೆ ಕೇಳಿದಳು.

"ಕೊಟ್ಯೇನೋ ಎವರಿಸ್ತೊ?"

ಇಲ್ಲ ಎನ್ನಬೇಕಿತ್ತು. ಮೌನ ಅಂದ್ಕೊಂಡೆ, ನೀನೇ ಹೇಳಿದ್ದೆಯಲ್ಲ ಎನ್ನಬೇಕಿತ್ತು. ಆದರೆ ಬಾಗಿಲಲ್ಲಿ ಆ ಮನುಷ್ಯ ನಿಂತಿದ್ದ, ಅವನ ಹಿಂದೆ ಥಿಯೇಟರಿನವರೆಲ್ಲ ಕತ್ತು ಚಾಚಿದ್ದರು. ಬದುಕಿನಲ್ಲಿ ಒಂದು ಸಾಲೂ ತಪ್ಪಿಸದ ಎವರಿಸ್ತೊ ಎಂಬ ಹೆಸರೊಂದೇ ಅವನ ಆಸ್ತಿ.

"ಕೊಟ್ಟೆ" ಎಂದ. ಸಾಲದ್ದಕ್ಕೆ, "ಎರಡು ಸಲ ಕೊಟ್ಟೆ" ಎಂದ.

ಅವಳ ಕೈ ಕಿರೀಟದ ಮೇಲೆ ಹಾಗೇ ನಿಂತಿತು. "ಎರಡು ಸಲಾನಾ? ನಂಗೆ ಕೇಳಿಸ್ಲೇ ಇಲ್ವಲ್ಲೋ" ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ ದನಿ ಏರಿಸಿದಳು. "ಅವನ ಮೇಲೆ ಯಾಕ್ರೀ ಕೂಗ್ತೀರಾ? ಅವನು ಕೊಟ್ಟಿದಾನೆ. ಕಿವುಡು ಬಡಿದಿರೋದು ನಂಗೆ. ಹೋಗಿ, ಎಲ್ಲಾ ಹೋಗಿ."

ಮಾರನೆಯ ಬೆಳಿಗ್ಗೆ ಅವಳು ಹಾಡುವುದಿಲ್ಲವೆಂದು ಹೇಳಿ ಕಳಿಸಿದಳು. ಊರಿನ ಗೋಡೆಗಳ ಮೇಲಿದ್ದ ಕಾರ್ಯಕ್ರಮಗಳಲ್ಲೆಲ್ಲ ಅವಳ ಹೆಸರಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ, ಬೊಲೊನ್ಯಾದ ಯಾವಳೋ ಹುಡುಗಿಯ ಹೆಸರು ಬರೆದರು. ಗುಯೆರ್ರಿನೊ ತನ್ನ ಅಂಗಡಿಯ ಹಾಳೆಗೆ ಪಟ್ಟಿ ಅಂಟಿಸಲು ಬಿಡಲಿಲ್ಲ. "ಎವರಿಸ್ತೊ ಎರಡು ಸಲ ಕೊಟ್ನಂತೆ, ಪಾಪ, ಅವಳಿಗೆ ಕೇಳಿಸ್ಲೇ ಇಲ್ವಂತೆ" ಎಂದು ಬಂದವರಿಗೆಲ್ಲ ಹೇಳಿ ಕಣ್ಣೊರೆಸಿಕೊಂಡ. ಕೌಂಟರಿನ ಈಚೆ ನಿಂತಿದ್ದ ಎವರಿಸ್ತೊ ಅರ್ಧ ಕಿಲೊ ಸಾಸೇಜು ತೆಗೆದುಕೊಂಡು ತಲೆ ತಗ್ಗಿಸಿ ಮನೆಗೆ ಬಂದ.

ನೆರೀನಾ ಕುಂಬಳದ ಹೂರಣ ತುಂಬಿ ಬೇಯಿಸಿದ ತೋರ್ತೆಲ್ಲಿಯನ್ನು ಅವನು ಮುಟ್ಟದೆ ಕೂತಾಗ ಅವಳು ಬಾಯಿ ಬಿಡಿಸಿದಳು. ಕೇಳಿ, ಸೌಟು ಕೆಳಗಿಟ್ಟಳು.

"ಈಗ್ಲೇ ಹೋಗಿ ಹೇಳು. ಕೋಟು ಹಾಕ್ಕೊ, ನಡಿ."

"ಈ ಮೂರು ಸಂಜೆ ಮುಗೀಲಿ ಕಣೇ. ಈಗ ಹೇಳಿದ್ರೆ ಗೂಡಿಂದ ಎಳೆದು ಹಾಕ್ತಾರೆ."

"ಹಾಕ್ಲಿ! ಅವಳ ಗಂಟಲಿಗಿಂತ ನಿನ್ನ ಗೂಡು ದೊಡ್ಡದಾ?"

ದೊಡ್ಡದಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಹೋಗಲಿಲ್ಲ. ಎರಡನೇ ಒಪೆರಾ ಮುಗಿಯಲಿ ಎಂದ. ಕಾರ್ನಿವಲ್ ಕಳೆಯಲಿ ಎಂದ. ಈಸ್ಟರ್ ಆಗಲಿ ಎಂದ. ಕಾರ್ಯಕ್ರಮದ ಹಾಳೆಯಲ್ಲಿ ಇನ್ನೂ ಒಪೆರಾಗಳು ಉಳಿದಿದ್ದವು, ಒಂದೊಂದೂ ಅವನಿಗೆ ಒಂದೊಂದು ನೆಪವಾಯಿತು. ಈ ನಡುವೆ ದೆಲ್ಫೀನಾಳ ಸುದ್ದಿ ಬರುತ್ತಲೇ ಇತ್ತು. ಕಿವಿ ತೋರಿಸಿದಳಂತೆ, ಡಾಕ್ಟರು ಕಿವಿ ಚೆನ್ನಾಗಿದೆ ಅಂದರಂತೆ. ಹಾಗಾದರೆ ಕೆಟ್ಟಿರೋದು ತಲೆಯೇ ಎಂದುಕೊಂಡಳಂತೆ. ಪಾಠಕ್ಕೆ ಬರುತ್ತಿದ್ದ ಹುಡುಗಿಯರನ್ನು ವಾಪಸು ಕಳಿಸಿದಳಂತೆ, ಪಿಯಾನೊಗೆ ಬೀಗ ಹಾಕಿದಳಂತೆ. ಒಂದೊಂದು ಸುದ್ದಿ ಬಂದಾಗಲೂ ನೆರೀನಾ ಗಂಡನ ಮುಖ ನೋಡುತ್ತಿದ್ದಳು. ಚುಚ್ಚುವುದನ್ನೂ ಬಿಟ್ಟಿದ್ದಳು. ಅದೇ ಅವನಿಗೆ ಹೆಚ್ಚು ನೋಯುತ್ತಿತ್ತು.

ಸೀಸನ್ನಿನ ಕೊನೆಯ ಪರದೆ ಬಿದ್ದ ಮಾರನೆಯ ದಿನ ಎವರಿಸ್ತೊ ಒಂದು ಬುಟ್ಟಿ ಚೆರಿಹಣ್ಣು ಹಿಡಿದು ಹೊಳೆದಂಡೆಗೆ ನಡೆದ. ದೆಲ್ಫೀನಾ ಹಿತ್ತಿಲಲ್ಲಿ ಬಟಾಣಿ ಸುಲಿಯುತ್ತಾ ಕೂತಿದ್ದಳು. ಸೊರಗಿದ್ದಳು. ಆದರೂ ಅವನನ್ನು ಕಂಡು ಮುಖ ಅರಳಿತು.

"ಬಾರೋ ಗೂಡಿನ ಹಕ್ಕಿ! ನನ್ನ ಮರೆತೇಬಿಟ್ಟೆ ಅಂದ್ಕೊಂಡಿದ್ದೆ."

ಅವನು ಕೂರಲಿಲ್ಲ. ನಿಂತೇ ಹೇಳಿದ. "ದೆಲ್ಫೀನಾ, ಅವತ್ತು ನಾನು ಸಾಲು ಕೊಡಲಿಲ್ಲ. ನೀನು ಮೌನ ಹಿಡಿದಿದೀಯ ಅಂದ್ಕೊಂಡೆ. ಆಮೇಲೆ ಕೊಡೋಕೆ ಹೋದೆ, ದನಿ ಬರಲಿಲ್ಲ. ನಿಂಗೆ ಸುಳ್ಳು ಹೇಳ್ದೆ. ನಿನ್ನ ಕಿವೀಗೂ ಏನೂ ಆಗಿಲ್ಲ, ತಲೆಗೂ ಏನೂ ಆಗಿಲ್ಲ."

ಅವಳು ಕೈಯಲ್ಲಿದ್ದ ಬಟಾಣಿಯನ್ನು ಬಟ್ಟಲಿಗೆ ಹಾಕಿ, ಅವನನ್ನೇ ನೋಡುತ್ತಾ ಕೂತಳು. ಆಮೇಲೆ ನಕ್ಕಳು.

"ನೆರೀನಾ ಹೇಳಿಕೊಟ್ಟು ಕಳಿಸಿದ್ಲಾ?"

"ನಿಜ ಹೇಳ್ತಿದೀನಿ. ನನ್ನ ತಾಯಾಣೆ. ಹಿಂದೆ ನೀನೇ ಬೈದಿದ್ದೆಯಲ್ಲ, ಆ ಜಾಗದಲ್ಲಿ ಬಾಯಿ ಬಿಡಬೇಡ ಅಂತ."

"ಅದು ಯಾವ ಕಾಲದ ಮಾತೋ! ಈ ಸಲ ಕೈ ಹಿಡ್ಕೊಂಡು ಎಲ್ಲೂ ಬಿಡಬೇಡ ಅಂದಿದ್ದೆ. ಬಿಡಲ್ಲ ಅಂತ ನೀನೂ ಅಂದಿದ್ದೆ. ನೀನು ಬಿಡೋನಾ? ಆ ವಾದ್ಯದ ನಾಯಕ ನಂಬದೇ ಇರಬಹುದು, ನಂಗೆ ನೀನು ಗೊತ್ತಿಲ್ವಾ?"

"ದೆಲ್ಫೀನಾ, ದಮ್ಮಯ್ಯ ಅಂತೀನಿ, ನಂಬು."

"ನಿಜ ಆಗಿದ್ರೆ ಮಾರನೇ ದಿನಾನೇ ಓಡಿ ಬರ್ತಿದ್ದೆ. ಇಷ್ಟು ತಿಂಗಳು ನನ್ನನ್ನ ಹೀಗೆ ಕೂರೋಕೆ ಬಿಡ್ತಿದ್ಯಾ? ಅಷ್ಟು ಕೆಟ್ಟೋನಲ್ಲ ನೀನು." ಅವಳು ಎದ್ದು ಅವನ ಕೆನ್ನೆ ತಟ್ಟಿದಳು. "ನನ್ನ ಸಮಾಧಾನಕ್ಕೆ ನಿನ್ನ ಹೆಸರಿಗೇ ಮಸಿ ಬಳಕೊಳ್ತಿದೀಯಲ್ಲೋ. ದೇವರಂಥೋನು ಕಣೋ ನೀನು."

ಅವಳು ಕುರ್ಚಿ ಎಳೆದು ಅವನನ್ನು ಕೂರಿಸಿದಳು, ಚೆರಿಹಣ್ಣು ತೊಳೆದು ತಂದಳು, ಮತ್ತೆ ಬಟಾಣಿ ಸುಲಿಯಲು ಕೂತಳು. ತಲೆ ಎತ್ತದೆ ಹೇಳಿದಳು.

"ಇನ್ನೊಂದ್ಸಲ ಹೇಳೋ. ಸುಳ್ಳಾದ್ರೂ ಕೇಳೋಕೆ ಹಿತವಾಗಿದೆ."

ಎವರಿಸ್ತೊ ಮೊದಲಿನಿಂದ ಹೇಳತೊಡಗಿದ. ದೆಲ್ಫೀನಾ ಕಣ್ಣು ಮುಚ್ಚಿಕೊಂಡು, ತಲೆಯಾಡಿಸುತ್ತಾ, ಒಂದು ಮಾತನ್ನೂ ನಂಬದೆ ಕೇಳಿದಳು.