ಬೀಗರ ಖೋಲಿ

ಹುನಗುಂದದ ಅಂದಪ್ಪನವರು ಮನೆಗಳ ನಕ್ಷೆ ಬರೆಯುವವರು. ಮನೆಯಲ್ಲಿ ಬಾಳುವ ಪ್ರತಿಯೊಬ್ಬರನ್ನೂ ಕೇಳದೆ ಪೆನ್ಸಿಲ್ ಹಿಡಿಯುವುದು ಪಾಪವೆಂದು ನಂಬಿದ್ದರು. ಇದರಿಂದ ಅವರಿಗೆ ಪುಣ್ಯಕ್ಕಿಂತ ತಲೆನೋವೇ ಹೆಚ್ಚು ಬಂದಿತ್ತು.

ಎಪ್ಪತ್ತೆಂಟನೇ ಇಸವಿಯಲ್ಲಿ ಗುಡೂರಿನ ಕುರಿಗಾರ ಕನಕಪ್ಪ ಬಂದ. "ಬಾಗಲಕೋಟಿ ಸಾಹೇಬರ ಮನಿ ಹಂಗ ಇರಬೇಕ್ರಿ. ಬೀಗರಿಗೆ ಬ್ಯಾರೆ ಖೋಲಿ ಬೇಕು. ಕುರಿ ವಾಸನಿ ಒಳಗ ಬರಬಾರದು," ಎಂದ.

ಅಂದಪ್ಪನವರು ರೂಢಿಯಂತೆ ಗುಡೂರಿಗೆ ಹೋಗಿ ಅವನ ತಾಯಿ ಹುಚ್ಚವ್ವನನ್ನೂ ಕೇಳಿದರು.

"ಥಂಡ್ಯಾಗ ಎಳೇ ಮರಿ ಎಲ್ಲಿ ಮಲಗಬೇಕೋ ಯಪ್ಪಾ? ಅವಕ್ಕೊಂದು ಖೋಲಿ ಬರಿ," ಎಂದಳು ಆಕೆ.

ಜಾಗ ಇದ್ದದ್ದು ಒಂದೇ ಖೋಲಿಗೆ. ಅಂದಪ್ಪನವರು ತಲೆ ಕೆರೆದುಕೊಂಡು ಒಂದನ್ನೇ ಬರೆದರು: ನೆಲಕ್ಕೆ ಇಳಕಲ್ಲಿನ ಕೆಂಪು ಕಲ್ಲು, ತೊಳೆದ ನೀರು ಹರಿಯಲು ಇಳಿಜಾರು, ಹಿತ್ತಲಿಗೊಂದು ಬಾಗಿಲು. ಮಗನಿಗೆ ಅದನ್ನು ಬೀಗರ ಖೋಲಿ ಎಂದರು, ತಾಯಿಗೆ ಮರಿಗಳ ಖೋಲಿ ಎಂದರು. ಬೀಗರೂ ಮರಿಗಳೂ ಒಂದೇ ದಿನ ಬಂದಾರೆಂದು ಅವರಿಗೆ ಹೊಳೆಯಲೇ ಇಲ್ಲ.

ವಾಸ್ತುಶಾಂತಿಯ ದಿನ ಹೊಳೆಯಿತು. ಹೆಣ್ಣು ಕೊಟ್ಟ ಮಾವನ ಮುಂದೆ ಕನಕಪ್ಪ ಗತ್ತಿನಿಂದ ಬಾಗಿಲು ತೆರೆದರೆ, ಹೊಸ ಜಮಖಾನದ ಮೇಲೆ ಮರಿಗಳ ಹಿಂಡು!

"ಏನ್ರಿ ಇದು, ಅಂದಪ್ಪನವ್ರ?" ಎಂದು ಕನಕಪ್ಪ ಕೂಗಿದ.

ಹುಚ್ಚವ್ವ ಮುಂದೆ ಬಂದು, "ಇವರೂ ಬೀಗರ, ಸ್ವಲ್ಪ ಮೊದಲ ಬಂದಾರ," ಎಂದಳು.

ತಾನೂ ಕುರಿಗಾರನೇ ಆದ ಮಾವ ಒಂದು ಮರಿಯನ್ನು ಎತ್ತಿಕೊಂಡು, ನಯವಾದ ನೆಲವನ್ನು ಸವರಿ ನೋಡಿದ. "ಭಾಳ ಚಲೋ ಐತ್ರಿ. ನಮ್ಮ ಮನಿಗೂ ಇಂಥಾದೊಂದು ಬರದು ಕೊಡ್ರಿ."

ಕನಕಪ್ಪನೂ ನಕ್ಕ. ನಗದೆ ಅವನಿಗೆ ಬೇರೆ ದಾರಿಯಿರಲಿಲ್ಲ.